ಕ್ಲಚ್ಚು, ವಾರಂಟಿ ಮತ್ತು 460 ರೂಪಾಯಿಯ ಸೀಲು

"ಕ್ಲಚ್ಚು ವಾರಂಟೀಲಿ ಬರಲ್ಲ ಸರ್." ಕಾರು ಇಟ್ಟುಕೊಂಡವರಲ್ಲಿ ಸರ್ವಿಸ್ ಕೌಂಟರಿನಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳುವವನು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗ. ಅವನ ಮುಂದೆ ಕಂಪ್ಯೂಟರು, ಅದರಲ್ಲಿ ಆಗಲೇ ಹದಿನೆಂಟೋ ಇಪ್ಪತ್ತೈದೋ ಸಾವಿರದ ಬಿಲ್ಲು. ನಾವು ಒಂದಿಷ್ಟು ಗೊಣಗಿ, ದುಡ್ಡು ಕಟ್ಟಿ, ಕೀಲಿಕೈ ತೆಗೆದುಕೊಂಡು ಮನೆಗೆ ಬರುತ್ತೇವೆ. ಆ ಹುಡುಗ ಸುಳ್ಳು ಹೇಳುತ್ತಾನೆಂದು ನಾನು ಹೇಳುವುದಿಲ್ಲ. ಅವನು ಹೇಳಿದ್ದು ಅರ್ಧ ನಿಜ. ಉಳಿದರ್ಧ ಕಾರಿನ ಹೊಟ್ಟೆಯೊಳಗಿರುತ್ತದೆ. ಅದನ್ನು ನೋಡದೆ ಬಿಲ್ಲಿನ ಮೇಲೆ ಜಗಳಕ್ಕೆ ನಿಂತರೆ ಸೋಲುವುದು ನಾವೇ.

ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿದವನು ನಾನು. ಹಾಗಾಗಿ ನೆಂಟರಿಷ್ಟರ ಕಾರು ಕೆಟ್ಟರೆ ಮೊದಲ ಫೋನು ನನಗೆ ಬರುತ್ತದೆ. ಕೆಟ್ಟಾಗ ಅಲ್ಲ, ಬಿಲ್ಲು ಬಂದಾಗ ಅಂದರೆ ಹೆಚ್ಚು ಸರಿ.

ವಾರಂಟಿ ಎಂದರೇನು ಎಂಬುದನ್ನು ಮೊದಲು ನೋಡಿಬಿಡೋಣ. ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ವಿಮೆ ಕಾಗದ, ಪಾರ್ಕಿಂಗ್ ಚೀಟಿ, ದೇವಸ್ಥಾನದ ಕುಂಕುಮದ ಪೊಟ್ಟಣದ ಕೆಳಗೆ ಅದು ಬಿದ್ದಿರುತ್ತದೆ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು, ಯಾವುದು ಮೊದಲೋ ಅದು, ಇಂಥ ಅವಧಿ ಈಗ ಸಾಮಾನ್ಯ. ಅಷ್ಟರೊಳಗೆ ತಯಾರಿಕೆಯಲ್ಲಾಗಲಿ ಬಳಸಿದ ವಸ್ತುವಿನಲ್ಲಾಗಲಿ ದೋಷ ಕಂಡುಬಂದರೆ ಆ ಭಾಗವನ್ನು ಕಂಪನಿ ರಿಪೇರಿ ಮಾಡಿಕೊಡುತ್ತದೆ, ಇಲ್ಲವೇ ಬದಲಿಸಿಕೊಡುತ್ತದೆ. ಮುಂದಿನ ಪುಟದಲ್ಲಿ ಯಾವುದಕ್ಕೆಲ್ಲ ಇದು ಅನ್ವಯಿಸುವುದಿಲ್ಲ ಎಂಬ ಪಟ್ಟಿ. ಬ್ರೇಕ್ ಪ್ಯಾಡು, ವೈಪರ್ ರಬ್ಬರು, ಬಲ್ಬು, ಫಿಲ್ಟರು. ಅವುಗಳ ನಡುವೆ ಎಲ್ಲೋ ಕ್ಲಚ್ ಪ್ಲೇಟೂ ಕೂತಿರುತ್ತದೆ. ಕೌಂಟರಿನ ಹುಡುಗ ಬೆರಳಿಟ್ಟು ತೋರಿಸುವುದು ಈ ಸಾಲನ್ನೇ.

ಆದರೆ ಆ ಪಟ್ಟಿಯ ತಲೆಯ ಮೇಲೆ ಏನು ಬರೆದಿದೆ ನೋಡಿ. ಬಹಳಷ್ಟು ಪುಸ್ತಕಗಳಲ್ಲಿ, ದಿನದ ಬಳಕೆಯಿಂದ ಆಗುವ ಸವೆತಕ್ಕೆ ವಾರಂಟಿ ಇಲ್ಲ, ಉದಾಹರಣೆಗೆ ಇಂತಿಂಥ ಭಾಗಗಳು ಎಂದಿರುತ್ತದೆ. ಹಾಗಿದ್ದರೆ ಅಲ್ಲಿ ಬಿಟ್ಟಿರುವುದು ಸವೆತವನ್ನು, ಭಾಗವನ್ನಲ್ಲ. ಕ್ಲಚ್ ಪ್ಲೇಟು ಸವೆದಿದ್ದರೆ ವಾರಂಟಿ ಇಲ್ಲ, ಒಪ್ಪೋಣ. ಸವೆಯದೆ ಮುರಿದಿದ್ದರೆ? ಇನ್ಯಾವುದೋ ಭಾಗ ಕೆಟ್ಟು ಅದರಿಂದ ಪ್ಲೇಟು ಹಾಳಾಗಿದ್ದರೆ? ಆಗ ಆ ಸಾಲು ನಮಗೆ ಅಡ್ಡ ಬರುವುದಿಲ್ಲ. ಕೆಲವು ಕಂಪನಿಗಳು ಕ್ಲಚ್ ಪ್ಲೇಟನ್ನು ಹೆಸರು ಹಿಡಿದೇ ಹೊರಗಿಡುತ್ತವೆ, ಕೆಲವು ಇಂತಿಷ್ಟು ಕಿಲೋಮೀಟರಿನವರೆಗೆ ಒಪ್ಪಿಕೊಳ್ಳುತ್ತವೆ. ಆದ್ದರಿಂದ ಪಕ್ಕದ ಮನೆಯವರ ಪುಸ್ತಕ ಓದಿ ಪ್ರಯೋಜನವಿಲ್ಲ, ನಿಮ್ಮದನ್ನೇ ಓದಬೇಕು. ದುಡ್ಡು ಕೊಟ್ಟು ಕೊಳ್ಳುವ ಎಕ್ಸ್‌ಟೆಂಡೆಡ್ ವಾರಂಟಿ ಬೇರೆಯದೇ ಒಪ್ಪಂದ. ಅದು ಹೊರಗಿಟ್ಟ ಭಾಗಗಳ ಪಟ್ಟಿ ಸಾಮಾನ್ಯವಾಗಿ ಇನ್ನೂ ಉದ್ದವಿರುತ್ತದೆ.

ಸವೆತಕ್ಕೂ ದೋಷಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಕ್ಲಚ್ಚು ಏನು ಮಾಡುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಎಂಜಿನಿನ ಹಿಂದೆ ಒಂದು ಭಾರದ ಚಕ್ರ ತಿರುಗುತ್ತಿರುತ್ತದೆ, ಅದು ಫ್ಲೈವೀಲ್. ಗೇರ್‌ಬಾಕ್ಸಿನ ಕಡೆಯಿಂದ ಒಂದು ಶಾಫ್ಟು ಬಂದು ಅದರ ಮುಖಕ್ಕೆ ನಿಂತಿರುತ್ತದೆ. ಆ ಶಾಫ್ಟಿನ ತುದಿಗೆ ಕೂತಿರುವ ದುಂಡನೆಯ ತಟ್ಟೆಯೇ ಕ್ಲಚ್ ಪ್ಲೇಟು. ಎರಡೂ ಮುಖಕ್ಕೆ ಹಿಡಿತ ಕೊಡುವ ಪದರವನ್ನು, ಅಂದರೆ ಲೈನಿಂಗನ್ನು, ರಿವೆಟ್ ಹೊಡೆದು ಕೂರಿಸಿರುತ್ತಾರೆ. ಹಿಂದಿನಿಂದ ಪ್ರೆಷರ್ ಪ್ಲೇಟು ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತದೆ. ಕಾಲು ಒತ್ತಿದಾಗ ರಿಲೀಸ್ ಬೇರಿಂಗು ಮುಂದೆ ಹೋಗಿ ಆ ಹಿಡಿತ ಬಿಡಿಸುತ್ತದೆ, ಕಾಲು ಬಿಟ್ಟಾಗ ಮತ್ತೆ ಹಿಡಿತ. ಪೂರ್ತಿ ಹಿಡಿದಾಗ ಸವೆತವಿಲ್ಲ, ಪೂರ್ತಿ ಬಿಟ್ಟಾಗಲೂ ಇಲ್ಲ. ಹಿಡಿಯುವ ಹೊತ್ತಿನಲ್ಲಿ, ಇನ್ನೂ ಜಾರುತ್ತಿರುವಾಗ ಮಾತ್ರ ಸವೆತ. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು: ಹಗ್ಗವನ್ನು ಬಿಗಿಯಾಗಿ ಹಿಡಿದರೆ ಅಂಗೈಗೆ ಏನೂ ಆಗದು, ಹಿಡಿದ ಕೈಯಲ್ಲಿ ಹಗ್ಗ ಜಾರಿದರೆ ಚರ್ಮ ಕಿತ್ತು ಬರುತ್ತದೆ. ನಮ್ಮ ಡ್ರೈವರುಗಳು ಹಾಫ್ ಕ್ಲಚ್ ಎನ್ನುವುದು ಹಗ್ಗ ಜಾರಲು ಬಿಡುವುದಕ್ಕೇ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ, ಟಿನ್ ಫ್ಯಾಕ್ಟರಿ ಬಳಿ ಸಾಯಂಕಾಲದ ಹೊತ್ತು ಅಡಿ ಅಡಿ ಸರಿಯುವಾಗ ಕ್ಲಚ್ಚು ಎಷ್ಟು ಸಲ ಜಾರುತ್ತದೋ ಲೆಕ್ಕವಿಲ್ಲ. ಅದೇ ಕಾರು ತುಮಕೂರು ದಾಟಿ ಹೈವೇಗೆ ಬಿದ್ದರೆ ಚಿತ್ರದುರ್ಗದವರೆಗೆ ಬೆರಳೆಣಿಕೆಯಷ್ಟು ಸಲ ಮಾತ್ರ ಕ್ಲಚ್ಚಿಗೆ ಕೆಲಸ. ಆದ್ದರಿಂದ ಕ್ಲಚ್ಚಿನ ಆಯಸ್ಸನ್ನು ಕಿಲೋಮೀಟರಿನಲ್ಲಿ ಹೇಳುವುದು ಕಷ್ಟ. ಜತನದಿಂದ ಓಡಿಸಿದರೆ ಲಕ್ಷ ಕಿಲೋಮೀಟರು ಬಂದದ್ದುಂಟು. ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡೇ ಓಡಿಸುವವರ ಕೈಯಲ್ಲಿ ಅದರ ಕಾಲು ಭಾಗಕ್ಕೇ ಮುಗಿದದ್ದನ್ನೂ ಕಂಡಿದ್ದೇನೆ.

ಈಗ ಮುಖ್ಯ ವಿಷಯ. ಯಾವ ಕಾರಣಕ್ಕೆ ಹಾಳಾಯಿತು ಎಂಬುದನ್ನು ಬಿಚ್ಚಿದ ಪ್ಲೇಟೇ ಹೇಳುತ್ತದೆ. ನಿಜವಾಗಿ ಸವೆದ ಪ್ಲೇಟಿನಲ್ಲಿ ಲೈನಿಂಗು ಎರಡೂ ಮುಖದಲ್ಲಿ ಸಮನಾಗಿ ತೆಳುವಾಗಿರುತ್ತದೆ. ರಿವೆಟ್ಟಿನ ತಲೆ ಲೈನಿಂಗಿನ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಎಂದು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯುತ್ತಾರೆ. ಸರ್ವಿಸ್ ಕೈಪಿಡಿಗಳಲ್ಲಿ 0.3 ಮಿಲಿಮೀಟರು, 0.5 ಮಿಲಿಮೀಟರು, ಹೀಗೆ ಒಂದು ಕನಿಷ್ಠ ಮಿತಿ ಕೊಟ್ಟಿರುತ್ತಾರೆ. ಹಾಫ್ ಕ್ಲಚ್ಚಿನಲ್ಲಿ ಸುಟ್ಟದ್ದಾದರೆ ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು. ಸುಟ್ಟ ವಾಸನೆ ದಿನಗಟ್ಟಲೆ ಹೋಗುವುದಿಲ್ಲ. ಇನ್ನು ಪ್ಲೇಟಿನ ನಡುವಿನ ಚಿಕ್ಕ ಸ್ಪ್ರಿಂಗುಗಳು ತುಂಡಾಗಿದ್ದರೆ, ಪ್ರೆಷರ್ ಪ್ಲೇಟಿನ ಬೆರಳುಗಳಲ್ಲಿ ಒಂದು ಮುರಿದಿದ್ದರೆ, ರಿವೆಟ್ಟು ಕಿತ್ತು ಲೈನಿಂಗಿನ ತುಂಡು ಎದ್ದಿದ್ದರೆ ಅದನ್ನು ಸವೆತ ಎಂದು ಯಾವ ಮೆಕ್ಯಾನಿಕ್ಕೂ ಕರೆಯುವುದಿಲ್ಲ. ಲೈನಿಂಗು ದಪ್ಪವಾಗಿಯೇ ಇದ್ದು ಮುಖ ಕಪ್ಪಗೆ ಜಿಡ್ಡುಗಟ್ಟಿದ್ದರೆ ಎಲ್ಲಿಂದಲೋ ಎಣ್ಣೆ ಬಂದಿದೆ ಎಂದರ್ಥ.

ಎಣ್ಣೆಯ ಈ ವಿಚಾರ ನನಗೆ ನೆನಪಿರುವುದು ನಮ್ಮ ಅಕ್ಕನ ಮಗಳ ಕಾರಿನಿಂದ. ಅವಳು ಸಕಲೇಶಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಈಚೆಗೆ ಧರ್ಮಸ್ಥಳಕ್ಕೆ ಹೋಗಿ ವಾಪಸು ಬರುವಾಗ, ಗುಂಡ್ಯ ಬಿಟ್ಟು ಶಿರಾಡಿ ಘಾಟಿ ಹತ್ತಲು ಶುರು ಮಾಡಿದ ಮೇಲೆ, ಆಕ್ಸಿಲರೇಟರ್ ಒತ್ತಿದರೆ ಎಂಜಿನು ಕೂಗುತ್ತದೆ, ಕಾರು ಏರುವುದಿಲ್ಲ. ಹೇಗೋ ಮೊದಲ ಗೇರಿನಲ್ಲಿ ಮನೆ ಮುಟ್ಟಿದಳು. ಕಾರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಓಡಿದ್ದು ಇಪ್ಪತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಕಂಪನಿಯ ವರ್ಕ್‌ಶಾಪು ಇರುವುದು ಹಾಸನದಲ್ಲಿ. ಎಳೆಸಿಕೊಂಡು ಹೋಗಿ ಬಿಟ್ಟುಬಂದಳು. ನಾಲ್ಕನೆಯ ದಿನ ಫೋನು: ಕ್ಲಚ್ ಸೆಟ್ಟು ಬದಲಾಯಿಸಿದ್ದೇವೆ, ಬಂದು ಗಾಡಿ ತಗೊಂಡುಹೋಗಿ.

"ಮಾವ, ಹದಿನೆಂಟು ಸಾವಿರ ಅಂತಿದಾರೆ. ನಾನು ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ತೀನಂತೆ. ಹೆಂಗಸರು ಓಡಿಸೋ ಗಾಡೀಲಿ ಹಿಂಗೇ ಆಗೋದು ಅಂತ ಬೇರೆ ಹೇಳ್ದ."

ಈ ಕೊನೆಯ ಮಾತನ್ನು ನಾನು ಮರೆಯುವಂತಿಲ್ಲ. ಹೆಂಗಸರ ಕಾರಿನ ಕ್ಲಚ್ಚು ಗಂಡಸರ ಕಾರಿನದಕ್ಕಿಂತ ಬೇಗ ಸವೆಯುತ್ತದೆ ಎಂದು ಯಾವ ಸರ್ವಿಸ್ ಕೈಪಿಡಿಯಲ್ಲೂ ಬರೆದಿಲ್ಲ. ಬಿಲ್ಲನ್ನು ವಾಟ್ಸಾಪಿನಲ್ಲಿ ಕಳಿಸು ಅಂದೆ. ಕ್ಲಚ್ ಪ್ಲೇಟು 3,150. ಪ್ರೆಷರ್ ಪ್ಲೇಟು 3,900. ರಿಲೀಸ್ ಬೇರಿಂಗು 1,350. ಆಯಿಲ್ ಸೀಲು 460. ಗೇರ್ ಆಯಿಲು 1,040. ಲೇಬರು 5,600. ಒಟ್ಟು 15,500, ಅದರ ಮೇಲೆ ಶೇಕಡ 18ರಂತೆ ಜಿಎಸ್‌ಟಿ 2,790. ಸೇರಿಸಿ 18,290 ರೂಪಾಯಿ.

ಲೇಬರು ಅಷ್ಟೇಕೆ ಎಂದು ಬೆಚ್ಚಬೇಡಿ. ಕ್ಲಚ್ಚು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು, ಅದು ಒಂದು ದಿನದ ಕೆಲಸ. ನನ್ನ ಕಣ್ಣು ನಿಂತದ್ದು ನಾಲ್ಕನೆಯ ಸಾಲಿನ ಮೇಲೆ. ಕ್ಲಚ್ಚು ಬರೀ ಸವೆದಿದ್ದರೆ ಆಯಿಲ್ ಸೀಲು ಏಕೆ ಬದಲಾಯಿಸಿದರು? ಎಂಜಿನಿನ ಕ್ರ್ಯಾಂಕ್ ಶಾಫ್ಟು ಹಿಂದಕ್ಕೆ ಚಾಚಿ ಫ್ಲೈವೀಲು ಹಿಡಿದುಕೊಳ್ಳುವ ಜಾಗದಲ್ಲಿ ಎಣ್ಣೆ ಹೊರಗೆ ಬಾರದಂತೆ ಒಂದು ಸೀಲು ಇರುತ್ತದೆ. ಗೇರ್‌ಬಾಕ್ಸಿನ ಕಡೆಯ ಶಾಫ್ಟಿಗೂ ಒಂದು. ಯಾವುದು ಸೋರಿದರೂ ಎಣ್ಣೆ ನೇರ ಕ್ಲಚ್ಚಿನ ಮನೆಗೆ ಬೀಳುತ್ತದೆ, ತಿರುಗುವ ರಭಸಕ್ಕೆ ಪ್ಲೇಟಿನ ಮೇಲೆ ಹರಡುತ್ತದೆ, ಪ್ಲೇಟು ಹಿಡಿತ ಕಳೆದುಕೊಳ್ಳುತ್ತದೆ, ಏರು ರಸ್ತೆಯಲ್ಲಿ ಜಾರುತ್ತದೆ. ಶಿರಾಡಿಯಲ್ಲಿ ಆದದ್ದು ಇದೇ ಇರಬೇಕು ಅನ್ನಿಸಿತು. ಸೀಲು ಸವೆತದ ಪಟ್ಟಿಯಲ್ಲಿ ಇರಲಿಲ್ಲ. ಅವಳ ಪುಸ್ತಕದ ಆ ಪುಟವನ್ನು ಫೋಟೊ ತೆಗೆಸಿ ನೋಡಿದೆ.

"ಹಳೇ ಪ್ಲೇಟು ಎಲ್ಲಿದೆ ಕೇಳು. ಕೈಗೆ ಕೊಡೋವರ್ಗೂ ಅಲ್ಲಿಂದ ಏಳ್ಬೇಡ."

ಕೇಳಿದ್ದಕ್ಕೆ ಸರ್ವಿಸ್ ಅಡ್ವೈಸರು, "ಹಳೇ ಪಾರ್ಟು ಕಂಪನಿಗೆ ವಾಪಸ್ ಕಳಿಸ್ಬೇಕು ಮೇಡಂ" ಅಂದನಂತೆ. ನಮ್ಮ ಹುಡುಗಿ ಬ್ಯಾಂಕಿನವಳು, ಲೆಕ್ಕದಲ್ಲಿ ಬಿಗಿ. "ದುಡ್ಡು ಕೊಟ್ಟೋಳು ನಾನು. ಪಾರ್ಟು ಕಂಪನಿಗೆ ಯಾಕೆ ಹೋಗುತ್ತೆ? ಕಂಪನಿಗೆ ಹೋಗೋದಾದ್ರೆ ವಾರಂಟೀಲಿ ಬದಲಾಯಿಸಿದೀರಿ ಅಂತ ಬರ್ಕೊಡಿ." ಒಳಗೆ ಹೋದವನು ಸ್ವಲ್ಪ ಹೊತ್ತಿನ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿದ ಪ್ಲೇಟು ತಂದುಕೊಟ್ಟ. ವಾರಂಟಿಯಲ್ಲಿ ಬದಲಿಸಿದ ಭಾಗವನ್ನು ಕಂಪನಿ ಪರೀಕ್ಷೆಗೆ ತರಿಸಿಕೊಳ್ಳುವ ರೂಢಿ ಇದೆ. ಗ್ರಾಹಕನಿಂದಲೇ ಹಣ ಪಡೆದರೆ ಹಳೆಯದು ಗ್ರಾಹಕನದು. ಈ ಒಂದು ಪ್ರಶ್ನೆ ಕೇಳುವುದಕ್ಕೆ ವಕೀಲಿ ಓದಬೇಕಿಲ್ಲ.

ಮುಂದಿನ ಭಾನುವಾರ ಅದನ್ನು ನಮ್ಮ ಮನೆಯ ಜಗುಲಿಯ ಮೇಲೆ ಬಿಚ್ಚಿದೆವು. ಲೈನಿಂಗಿನಲ್ಲಿ ಮೊದಲೇ ಕೊರೆದಿರುವ ಗೀರುಗಳು ಇನ್ನೂ ಎದ್ದು ಕಾಣುತ್ತಿದ್ದವು, ಅಂದರೆ ದಪ್ಪ ಹೋಗಿರಲಿಲ್ಲ. ರಿವೆಟ್ಟಿನ ತಲೆ ಆಳದಲ್ಲಿತ್ತು, ಕ್ಯಾಲಿಪರಿನ ಅಳತೆ ಒಂದು ಮಿಲಿಮೀಟರಿಗಿಂತ ಮೇಲೆ. ಫ್ಲೈವೀಲಿನ ಕಡೆಯ ಮುಖದಲ್ಲಿ ನಡುವಿನಿಂದ ಅಂಚಿನವರೆಗೆ ಕಪ್ಪು ಎಣ್ಣೆ ಚಾಚಿದ ಗೆರೆಗಳು, ನಡುನಡುವೆ ಗಾಜಿನಂತೆ ಮಿನುಗುವ ತೇಪೆಗಳು. ಮೂಗಿಗೆ ಹಿಡಿದು ನೋಡಿದೆ. ಗೇರ್ ಆಯಿಲಿಗೆ ಗಂಧಕದ ಒಂದು ನಾತ ಇರುತ್ತದೆ, ಅದಿರಲಿಲ್ಲ. ಎಂಜಿನ್ ಆಯಿಲೇ. ಪಕ್ಕದಲ್ಲಿ ಅಡಿಕೋಲು ಇಟ್ಟು, ಬಿಲ್ಲು ಇಟ್ಟು, ನಾಲ್ಕಾರು ಫೋಟೊ ತೆಗೆದೆವು.

ಈ ಕೆಲಸವನ್ನು ಗೇರ್‌ಬಾಕ್ಸು ಕೆಳಗಿಳಿದ ದಿನವೇ ವರ್ಕ್‌ಶಾಪಿನಲ್ಲಿ ಮಾಡಿದ್ದರೆ ಇನ್ನೂ ಚೆನ್ನಾಗಿತ್ತು. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕ್ಲಚ್ಚಿನ ಬಿಲ್ಲಿನ ಜಗಳ ಬಿಲ್ಲು ಬಂದ ಮೇಲೆ ಶುರುವಾಗುವುದಲ್ಲ, ಜಾಬ್ ಕಾರ್ಡು ಬರೆಯುವಾಗಲೇ ಶುರುವಾಗಿರುತ್ತದೆ. ಜಾಬ್ ಕಾರ್ಡಿನಲ್ಲಿ ಗ್ರಾಹಕ ಹೇಳಿದ ದೂರು ಎಂದು ಒಂದು ಜಾಗ ಇರುತ್ತದೆ. ಅಲ್ಲಿ ಅಡ್ವೈಸರು ತನ್ನ ಅಭ್ಯಾಸದಂತೆ "ಕ್ಲಚ್ ವರ್ನ್ ಔಟ್" ಎಂದು ಬರೆದುಬಿಟ್ಟರೆ, ಅದರ ಕೆಳಗೆ ನೀವು ಸಹಿ ಹಾಕಿದರೆ, ಸವೆತ ಎಂದು ನೀವೇ ಒಪ್ಪಿಕೊಂಡ ಹಾಗಾಯಿತು. ನಿಮ್ಮ ದೂರು ಸವೆತ ಅಲ್ಲ. "ಏರಿನಲ್ಲಿ ಎಂಜಿನು ರೇಸ್ ಆಗುತ್ತದೆ, ಕಾರು ಎಳೆಯುವುದಿಲ್ಲ, ಕಾರಣ ಪತ್ತೆ ಮಾಡಿ." ಅಷ್ಟೇ ಬರೆಸಿ. ಅದರ ಕೆಳಗೆ ಇನ್ನೊಂದು ಸಾಲು: "ಬಿಚ್ಚಿದ ಮೇಲೆ ನನ್ನನ್ನು ಕರೆಯಿರಿ, ನಾನು ನೋಡುವವರೆಗೆ ಹೊಸದು ಹಾಕಬೇಡಿ." ಕಿಲೋಮೀಟರಿನ ಅಂಕಿ, ತಾರೀಖು, ಒಂದು ಪ್ರತಿ ನಿಮ್ಮ ಕೈಗೆ.

ಬಿಲ್ಲು ಒಪ್ಪಿಗೆಯಿಲ್ಲದಿದ್ದರೆ ಕಾರನ್ನು ಅಲ್ಲೇ ಬಿಟ್ಟು ಬರುತ್ತೇನೆ ಎನ್ನುವವರಿದ್ದಾರೆ. ಬೇಡ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ವಸ್ತುವಿನ ಮೇಲೆ ದುಡಿದವನಿಗೆ ತನ್ನ ಕೂಲಿ ಸಲ್ಲುವವರೆಗೆ ಆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕಿದೆ. ಅಕ್ಕಸಾಲಿಗೆ ಇರುವ ಹಕ್ಕೇ ವರ್ಕ್‌ಶಾಪಿಗೂ ಇದೆ. ದಿನ ಕಳೆದಂತೆ ಪಾರ್ಕಿಂಗ್ ಬಾಡಿಗೆ ಬೇರೆ ಕೇಳುತ್ತಾರೆ. ದುಡ್ಡು ಕಟ್ಟಿ, ಆದರೆ ಬಾಯಿ ಮುಚ್ಚಿ ಕಟ್ಟಬೇಡಿ. ನಮ್ಮ ಹುಡುಗಿಗೆ ಹೇಳಿದ್ದು ಹೀಗೆ: ಬಿಲ್ಲಿನ ವರ್ಕ್‌ಶಾಪ್ ಪ್ರತಿಯ ಮೇಲೆ ಸಹಿಯ ಪಕ್ಕದಲ್ಲಿ ನಿನ್ನ ಕೈಯಲ್ಲೇ ಬರೆ, "ಆಕ್ಷೇಪಣೆಯೊಂದಿಗೆ ಹಣ ಪಾವತಿಸಿದ್ದೇನೆ, ವಾರಂಟಿಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ." ಅಡ್ವೈಸರು "ಬಿಲ್ ಮೇಲೆ ಏನೂ ಬರೀಬೇಡಿ ಮೇಡಂ, ಸಿಸ್ಟಮ್‌ಗೆ ಹೋಗುತ್ತೆ" ಎಂದು ಅಡ್ಡ ಬಂದ. ಬರೆದಳು, ಫೋಟೊ ತೆಗೆದಳು, ಅದೇ ಸಂಜೆ ಅದನ್ನೇ ಇ-ಮೇಲಿನಲ್ಲೂ ಕಳಿಸಿದಳು. ಗೇಟ್ ಪಾಸಿನ ಜೊತೆ ಇನ್ನೊಂದು ಚೀಟಿ ಕೊಡುತ್ತಾರೆ, "ಕೆಲಸ ತೃಪ್ತಿಕರವಾಗಿದೆ" ಎಂದು. ಅದರ ಮೇಲೆ ಅವಳು ಸಹಿ ಹಾಕಲಿಲ್ಲ. ಆದರೂ ಗೇಟು ತೆರೆಯಿತು. ಮಾರನೆಯ ದಿನ ಇನ್ನೊಂದು ಫೋನು: ಕಂಪನಿಯಿಂದ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ ಮೇಡಂ! ಈ ಹತ್ತಕ್ಕೆ ಹತ್ತರ ಮೇಲೆ ಆ ಹುಡುಗರ ಇನ್ಸೆಂಟಿವ್ ನಿಂತಿರುತ್ತದೆ, ಪಾಪ. ಅವರ ಮೇಲೆ ಕೂಗಾಡಿ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ವಾರಂಟಿಯಲ್ಲಿ ಮಾಡಿದ ಕೆಲಸವನ್ನು ಕಂಪನಿ ಒಪ್ಪದಿದ್ದರೆ ಆ ಖರ್ಚು ವರ್ಕ್‌ಶಾಪು ನಡೆಸುವ ಡೀಲರನ ತಲೆಗೇ ಬರುತ್ತದೆ. ಅನುಮಾನವಿರುವ ಕಡೆ ಅವನು ಗ್ರಾಹಕನ ಬಿಲ್ಲಿಗೆ ಹಾಕುವುದರ ಹಿಂದೆ ಈ ಭಯವೂ ಇದೆ.

ಹಾಗಾಗಿ ಪತ್ರ ಡೀಲರಿಗೆ ಮಾತ್ರ ಬರೆದರೆ ಸಾಲದು. ವಾರಂಟಿ ಕೊಟ್ಟದ್ದು ತಯಾರಕ ಕಂಪನಿ, ಕೆಲಸ ಮಾಡಿದ್ದು ಡೀಲರು. ಇಬ್ಬರಿಗೂ ಒಂದೇ ಪತ್ರ ಹೋಗಬೇಕು. ಇಲ್ಲದಿದ್ದರೆ ಇವನು ಅವನ ಕಡೆ, ಅವನು ಇವನ ಕಡೆ ಕೈ ತೋರಿಸುತ್ತಾ ಕೂರುತ್ತಾರೆ. ನಾವು ಬರೆದದ್ದು ಒಂದೂವರೆ ಪುಟ. ಕಾರು ಕೊಂಡ ದಿನ, ಸರ್ವಿಸ್ ಮಾಡಿಸಿದ ದಿನಗಳು, ಘಾಟಿಯಲ್ಲಿ ಆದದ್ದು, ಪ್ಲೇಟಿನ ಅಳತೆ, ಫೋಟೊ. ಕೊನೆಗೆ ಎರಡು ಪ್ರಶ್ನೆ. ಸವೆತವೆನ್ನುವುದಾದರೆ ನೀವು ಅಳೆದ ದಪ್ಪ ಎಷ್ಟು? ಸೀಲು ಸೋರಿರಲಿಲ್ಲವಾದರೆ ಅದನ್ನು ಬದಲಿಸಿದ್ದೇಕೆ? ಅವಮಾನ, ಮಾನಸಿಕ ಹಿಂಸೆ, ಐದು ಲಕ್ಷ ಪರಿಹಾರ ಮುಂತಾದವುಗಳನ್ನು ಸೇರಿಸಬೇಕೆಂದು ಅವಳ ಗಂಡನಿಗೆ ಆಸೆಯಿತ್ತು. ನಾನು ಬೇಡವೆಂದೆ. ಹದಿನೆಂಟು ಸಾವಿರದ ಬಿಲ್ಲಿನ ಹಿಂದೆ ಐದು ಲಕ್ಷದ ಬೇಡಿಕೆ ಕಂಡ ಕೂಡಲೇ ಎದುರಿನವರು ಕಾಗದವನ್ನು ವಕೀಲರ ಕೈಗೆ ಕೊಡುತ್ತಾರೆ, ಇಂಜಿನಿಯರರ ಕೈಗಲ್ಲ.

ಮೊದಲ ಉತ್ತರ ಬಂತು. ನಿಮ್ಮ ಚಾಲನಾ ಶೈಲಿಯಿಂದ ಆದ ಸವೆತ, ವಾರಂಟಿಗೆ ಬರುವುದಿಲ್ಲ, ಆದರೂ ಬಿಡಿಭಾಗಗಳ ಮೇಲೆ ಅರ್ಧ ರಿಯಾಯಿತಿ ಕೊಡುತ್ತೇವೆ. ನಮ್ಮ ಎರಡು ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಆಗ 1915ಕ್ಕೆ ಫೋನು ಮಾಡಿದಳು. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಇದು ನ್ಯಾಯಾಲಯವಲ್ಲ, ಯಾರಿಗೂ ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ಆದರೆ ಕೌಂಟರಿನ ಹುಡುಗನಿಂದ ಮೇಲೇರದ ಕಾಗದ ಆ ದಾರಿಯಲ್ಲಿ ಕಂಪನಿಯ ಮೇಲಿನ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಇಲ್ಲಿ ಆದದ್ದೂ ಅದೇ.

ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹೊಸ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದೆಂದರೆ, ದೂರುದಾರ ತಾನು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೀದರಿನವರು ಬೆಂಗಳೂರಿನ ಡೀಲರನ ಮೇಲೆ ಬೀದರಿನಲ್ಲೇ ಕೇಸು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲಿನ ಬದಲು ಕಾರಿನ ಬೆಲೆಯನ್ನೇ ಲೆಕ್ಕಕ್ಕೆ ಹಿಡಿದರೂ 10 ಲಕ್ಷದವರೆಗೆ 200 ರೂಪಾಯಿ. 50 ಲಕ್ಷದವರೆಗಿನದು ಜಿಲ್ಲಾ ಆಯೋಗದ ವ್ಯಾಪ್ತಿ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಕಾನೂನೇ ಇಲ್ಲದ ಕಾಲದಿಂದ ಬಸ್ರೂರಿನ ಬಳಕೆದಾರರ ವೇದಿಕೆಯಲ್ಲಿ ರವೀಂದ್ರನಾಥ ಶಾನುಭಾಗರು ಕರಾವಳಿಯ ಸಾಮಾನ್ಯ ಜನಕ್ಕೆ ಕಲಿಸುತ್ತಾ ಬಂದದ್ದು ಇದನ್ನೇ: ನಿಮ್ಮ ದೂರು ನೀವೇ ಬರೆಯಿರಿ, ನೀವೇ ಹೇಳಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರೊಳಗೆ ಮುಗಿಯುತ್ತದೆಂದು ನಂಬಿ ಕೂರಬೇಡಿ.

ಅಲ್ಲಿ ಜನ ಸೋಲುವುದು ಸಾಕ್ಷ್ಯದಲ್ಲಿ. ತಯಾರಿಕೆಯ ದೋಷ ಇದೆ ಎಂದು ಹೇಳಿದವರು ತೋರಿಸಬೇಕು, ಬರೀ ಹೇಳಿಕೆ ಸಾಲದು. ಕಣ್ಣಿಗೆ ಕಾಣದ ದೋಷವಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಕಳಿಸಲು ಪ್ಲೇಟು ಬೇಕಲ್ಲ! ಅದು ಗುಜರಿಗೆ ಹೋಗಿದ್ದರೆ ಉಳಿಯುವುದು ನಿಮ್ಮ ಮಾತು, ಅವರ ಮಾತು. ಇಂಜಿನಿಯರಿಂಗ್ ಕಾಲೇಜಿನ ಆಟೊಮೊಬೈಲ್ ಅಧ್ಯಾಪಕರೋ ಪರವಾನಗಿ ಇರುವ ವಾಹನ ಸರ್ವೇಯರೋ ಪ್ಲೇಟು ನೋಡಿ ಒಂದು ಪುಟದ ವರದಿ ಕೊಟ್ಟರೆ ದೂರಿಗೆ ಬೆನ್ನೆಲುಬು ಬರುತ್ತದೆ. ಇನ್ನೊಂದು ವಾದವೂ ಉಂಟು. ವಿಮೆಯ ಮೊಕದ್ದಮೆಗಳಲ್ಲಿ, ಪಾಲಿಸಿಯ ವಿನಾಯಿತಿಯ ಷರತ್ತನ್ನು ತೋರಿಸಿ ಹಣ ನಿರಾಕರಿಸುವ ಕಂಪನಿಯೇ ಆ ಷರತ್ತು ಅನ್ವಯಿಸುತ್ತದೆಂದು ರುಜುವಾತು ಮಾಡಬೇಕು ಎಂಬುದು ಗಟ್ಟಿಯಾಗಿ ನಿಂತಿದೆ. "ನೀವು ಹಾಫ್ ಕ್ಲಚ್ಚಿನಲ್ಲಿ ಓಡಿಸಿದ್ದೀರಿ" ಎನ್ನುವವರನ್ನೂ ಅದೇ ದಾರಿಯಲ್ಲಿ ಕೇಳಬಹುದು: ಹಾಗಾದರೆ ನೀಲಿ ಕಲೆ ಎಲ್ಲಿ ತೋರಿಸಿ.

ಡೀಲರು ಹೇಳಿದ್ದೇ ಸರಿಯಾಗಿರುವ ಪ್ರಕರಣಗಳೂ ಬೇಕಾದಷ್ಟಿವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೊಸದಾಗಿ ಡ್ರೈವಿಂಗ್ ಕಲಿತ ಮಗನಿಗೆ ಕಾರು ಕೊಟ್ಟು, ಹತ್ತೇ ಸಾವಿರ ಕಿಲೋಮೀಟರಿಗೆ ಕ್ಲಚ್ಚು ಹೋಯಿತೆಂದು ನನ್ನಲ್ಲಿಗೆ ಬಂದವರೊಬ್ಬರ ಪ್ಲೇಟು ನೋಡಿದೆ. ರಿವೆಟ್ಟುಗಳು ಫ್ಲೈವೀಲನ್ನು ಕೊರೆದಿದ್ದವು, ಮುಖವೆಲ್ಲ ಆಕಾಶದ ಬಣ್ಣ. ದುಡ್ಡು ಕಟ್ಟಿ, ಮಗನಿಗೆ ಹ್ಯಾಂಡ್ ಬ್ರೇಕು ಹಿಡಿದು ಏರಿನಲ್ಲಿ ಹೊರಡುವುದನ್ನು ಕಲಿಸಿ ಎಂದು ಹೇಳಿ ಕಳಿಸಿದೆ. ಅವರಿಗೆ ಇಷ್ಟವಾಗಲಿಲ್ಲ.

ಇನ್ನೊಂದು ಬೆದರಿಕೆಯ ಬಗ್ಗೆ ಎರಡು ಮಾತು. "ಹೊರಗಡೆ ಗ್ಯಾರೇಜಿನಲ್ಲಿ ಮುಟ್ಟಿಸಿದೀರಾ? ಹಾಗಾದ್ರೆ ವಾರಂಟಿ ಹೋಯ್ತು." 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನು ಮಾರುಕಟ್ಟೆಗೆ ಬಿಡದೆ, ಹೊರಗಿನ ಗ್ಯಾರೇಜಿನವರಿಗೆ ಕೆಲಸ ಸಿಗದಂತೆ ಮಾಡಿದ್ದಾರೆ ಎಂಬುದು ಆಪಾದನೆ. ಆ ಆದೇಶದಲ್ಲೇ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂಬ ನಿರ್ದೇಶನವೂ ಇತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಆ ಕಥೆ ಉದ್ದ. ಕಾರಿಗೆ ಹೊರಗಡೆ ಹಾರ್ನು ಹಾಕಿಸಿದ್ದಕ್ಕೂ ಕ್ಲಚ್ಚಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಮಾತ್ರ ನಮಗಿರಬೇಕು. ಹಾಗೆಂದು ವಾರಂಟಿ ಅವಧಿಯಲ್ಲಿ ಗೇರ್‌ಬಾಕ್ಸನ್ನು ಹೊರಗೆ ಇಳಿಸಿದಿರೋ, ಆಮೇಲೆ ಕ್ಲಚ್ಚಿನ ವಿಷಯದಲ್ಲಿ ನಿಮ್ಮ ವಾದ ನಿಲ್ಲುವುದು ಕಷ್ಟ.

ನಮ್ಮ ಹುಡುಗಿಯ ವಿಷಯಕ್ಕೆ ಬಂದರೆ, ಸಹಾಯವಾಣಿಯ ಮೂಲಕ ಹೋದ ದೂರಿಗೆ ಕಂಪನಿಯ ಪ್ರಾದೇಶಿಕ ಕಚೇರಿಯಿಂದ ಒಬ್ಬರು ಇಂಜಿನಿಯರು ಹಾಸನಕ್ಕೆ ಬಂದರು. ಪ್ಲೇಟು ನೋಡಬೇಕೆಂದರು. ಕೈಗೆ ಕೊಡದೆ ತೋರಿಸಿದಳು. ನೋಡಿದವರು ಹೆಚ್ಚು ಮಾತಾಡಲಿಲ್ಲ. ವಾರ ಕಳೆದ ಮೇಲೆ ಒಪ್ಪಂದದ ಮಾತು ಬಂತು: ಸೀಲು, ಕ್ಲಚ್ ಪ್ಲೇಟು, ಗೇರ್ ಆಯಿಲು, ಪೂರ್ತಿ ಲೇಬರು, ಇವುಗಳ ಹಣ ತೆರಿಗೆ ಸಮೇತ 12,095 ರೂಪಾಯಿ ವಾಪಸು. ಪ್ರೆಷರ್ ಪ್ಲೇಟು ಮತ್ತು ಬೇರಿಂಗಿನ 6,195 ಅವಳೇ ಹೊರಬೇಕು. ಪ್ರೆಷರ್ ಪ್ಲೇಟು ಕಬ್ಬಿಣದ್ದು, ಎಣ್ಣೆ ಒರೆಸಿದರೆ ಹೋಗುತ್ತದೆ, ಅದನ್ನು ಬದಲಿಸಲೇಬೇಕಿರಲಿಲ್ಲ. ಹಾಗಾದರೆ ಕೇಳದೆ ಬದಲಿಸಿದ್ದು ಅವರ ತಪ್ಪಲ್ಲವೇ ಎಂದು ಅವಳು ವಾದಿಸಿದಳು. ವಾದ ಸರಿಯೇ. ಆದರೆ ಗೇರ್‌ಬಾಕ್ಸು ಇಳಿಸಿದಾಗ ಮೂರನ್ನೂ ಸೆಟ್ಟಾಗಿ ಬದಲಿಸುವುದು ಎಲ್ಲ ಗ್ಯಾರೇಜುಗಳ ರೂಢಿ, ಹೊಸದು ಸಿಕ್ಕಿದೆ, ಅದರ ಆಯಸ್ಸು ನಿನಗೇ ಬರುತ್ತದೆ, ಇಲ್ಲಿಗೆ ಒಪ್ಪಿಕೋ ಎಂದು ನಾನು ಹೇಳಿದೆ. ಆರು ಸಾವಿರಕ್ಕಾಗಿ ಆಯೋಗದ ತಾರೀಖುಗಳಿಗೆ ಬ್ಯಾಂಕಿಗೆ ರಜ ಹಾಕುವುದು ಲಾಭದ ಲೆಕ್ಕವಲ್ಲ.

ಹಣದ ಜೊತೆ ಒಂದು ಕಾಗದ ಬಂತು, ಸಹಿ ಮಾಡಿ ಕಳಿಸಿ ಎಂದು. ಕಂಪನಿಗಳು ಇದನ್ನು ಗುಡ್‌ವಿಲ್ ಎನ್ನುತ್ತವೆ. ತಪ್ಪಿಲ್ಲದಿದ್ದರೂ ದೊಡ್ಡ ಮನಸ್ಸಿನಿಂದ ಕೊಡುತ್ತಿದ್ದೇವೆ ಎಂಬ ಧಾಟಿ. ಇದರಿಂದ ಈ ತಕರಾರು ಪೂರ್ತಿ ಮುಗಿಯಿತು ಎಂದು ಬರೆದಿತ್ತು, ಅದು ನ್ಯಾಯವೇ. ಆದರೆ ಎರಡನೆಯ ಪ್ಯಾರಾದಲ್ಲಿ ಇನ್ನೊಂದು ಸಾಲು ನುಸುಳಿತ್ತು: "ಗ್ರಾಹಕರ ಚಾಲನಾ ಶೈಲಿಯಿಂದ ಆದ ಸವೆತವಾಗಿದ್ದರೂ." ಇದಕ್ಕೆ ಸಹಿ ಬಿದ್ದರೆ ನಾಳೆ ಅದೇ ಸೀಲು ಮತ್ತೆ ಸೋರಿ, ಹೊಸ ಪ್ಲೇಟು ಹಾಳಾದಾಗ, ಅವಳ ಸಹಿಯನ್ನೇ ಅವಳ ಮುಂದೆ ಹಿಡಿಯುತ್ತಾರೆ. ಆ ಸಾಲು ತೆಗೆಯಿರಿ, ಸೀಲನ್ನು ವಾರಂಟಿಯಲ್ಲಿ ಬದಲಿಸಿದ್ದೆಂದು ಕಾರಿನ ಸರ್ವಿಸ್ ದಾಖಲೆಯಲ್ಲಿ ನಮೂದಿಸಿ ಎಂದು ವಾಪಸು ಬರೆದಳು. ಹನ್ನೆರಡು ಸಾವಿರ ಕೊಡಲು ಒಪ್ಪಿದವರು ಒಂದು ಸಾಲು ಬಿಡಲು ಬಹಳ ಹಿಂದುಮುಂದು ನೋಡಿದರು, ಲೀಗಲ್ ವಿಭಾಗದ ಮಾದರಿ ಪತ್ರ, ಬದಲಿಸಲಾಗುವುದಿಲ್ಲ ಎಂದರು. ಅವಳು ಸಹಿ ಮಾಡದೆ ಇಟ್ಟುಕೊಂಡಳು. ತಿಂಗಳ ಕೊನೆಯಲ್ಲಿ, ಅವರ ಲೆಕ್ಕದ ಪುಸ್ತಕ ಮುಚ್ಚುವ ಹೊತ್ತಿಗೆ, ಆ ಸಾಲಿಲ್ಲದ ಕಾಗದ ಬಂತು.